ಹೊರೆ ಹೊತ್ತ ದೋಣಿಗೂ ದಡದಲ್ಲಿ ಜಾಗ ಸಿಗಲಿ

ಮಾನ್ಯರೇ,

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿರುವ ಐಎನ್‌ಎಸ್ ಚಪಲ್ ಕ್ಷಿಪಣಿ ನೌಕೆಯನ್ನು ನೋಡಲು ಬರುವ ಶಾಲಾ ಮಕ್ಕಳನ್ನು ಕಂಡಾಗಲೆಲ್ಲ ಸಂತೋಷವಾಗುತ್ತದೆ. ಆದರೆ ಯುದ್ಧನೌಕೆಗಳಿಗೆ ದಿನಸಿ, ನೀರು, ಮದ್ದುಗುಂಡು ಮುಟ್ಟಿಸುವ ಸರಕು ದೋಣಿಗಳೂ ಇರುತ್ತವೆ ಎಂಬುದು ಆ ಮಕ್ಕಳಿಗೆ ಅಲ್ಲಿ ತಿಳಿಯುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ತನ್ನ ನೌಕಾಪಡೆಗಾಗಿ ‘ವಿಐಸಿ’ ಎಂಬ ಹೆಸರಿನ ಇಂಥ ದೋಣಿಗಳನ್ನು ಕಟ್ಟಿಸಿತು. ಮೊದಲ ತಂಡದವುಗಳಿಗೆ ಮಾದರಿಯಾದದ್ದು ಸ್ಕಾಟ್ಲೆಂಡಿನ ‘ಪಫರ್’ ಎಂಬ ಸಣ್ಣ ಸರಕು ದೋಣಿ; ಅಲ್ಲಿನ ಕಾಲುವೆಯ ಬಾಗಿಲುಗಳ ನಡುವೆ ಹಿಡಿಸಬೇಕೆಂದು ಪಫರಿಗೆ ಇಟ್ಟಿದ್ದ 66 ಅಡಿ ಉದ್ದವೇ ಇವಕ್ಕೂ ಬಂತು. ತೈಲ ಬಹುಪಾಲು ಸಮುದ್ರ ದಾಟಿ ಬರಬೇಕಾಗಿದ್ದ, ಕಲ್ಲಿದ್ದಲು ಮಾತ್ರ ಸ್ವಂತ ನೆಲದಲ್ಲೇ ಸಿಗುತ್ತಿದ್ದ ಆ ದಿನಗಳಲ್ಲಿ ಇವಕ್ಕೆ ಉಗಿ ಎಂಜಿನ್ ಕೂಡಿಸಿದ್ದು ಬಹಳ ವಿವೇಕದ ಕೆಲಸವೆಂದು, ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿದ ನನಗೆ ಅನ್ನಿಸುತ್ತದೆ. ಪಫರಿನ ತಳ ಚಪ್ಪಟೆ. ಧಕ್ಕೆಯಿಲ್ಲದ ಊರಲ್ಲೂ ಭರತದಲ್ಲಿ ದಡಕ್ಕೇರಿಸಿ, ಇಳಿತದಲ್ಲಿ ನೀರು ಸರಿದ ಮೇಲೆ ಗಾಡಿ ತಂದು ಸರಕು ಇಳಿಸುತ್ತಿದ್ದರು. 1943ರಲ್ಲಿ ಯಾರ್ಕ್‌ಷೈರಿನ ಥಾರ್ನ್‌ನಲ್ಲಿ ಕಟ್ಟಿದ ‘ವಿಐಸಿ 32’ ಯುದ್ಧ ಮುಗಿದು ಎಷ್ಟೋ ದಶಕಗಳಾದ ಮೇಲೂ ಕಲ್ಲಿದ್ದಲಿನ ಉಗಿಯಲ್ಲೇ ಪ್ರವಾಸಿಗರನ್ನು ಕರೆದೊಯ್ದಿದೆ. ಅದರ ಬಾಯ್ಲರ್ ಸೋತಾಗ ಜನ ಹೊಸದನ್ನು ಕೂಡಿಸಿಕೊಟ್ಟರು.

ನಮ್ಮ ಬೇಲೇಕೇರಿಯಲ್ಲಿ ದೊಡ್ಡ ಹಡಗುಗಳು ದಡಕ್ಕೆ ಬರಲಾಗದೆ ಹೊರಗೆ ಲಂಗರು ಹಾಕುತ್ತಿದ್ದಾಗ, ಅದಿರನ್ನು ಅವುಗಳ ಮಗ್ಗುಲಿಗೆ ಒಯ್ಯುತ್ತಿದ್ದದ್ದು ಬಾರ್ಜುಗಳೇ. ನಾನು ದುಡಿದ ಬಾರ್ಜಿನ ಅಂಚಿನ ಕಬ್ಬಿಣದಲ್ಲಿ, ಹಗ್ಗ ಉಜ್ಜಿ ಉಜ್ಜಿ, ಬೆರಳು ಕೂರುವಷ್ಟು ಆಳದ ಕಚ್ಚೊಂದು ಬಿದ್ದಿತ್ತು. ಮಳೆಗಾಲದಲ್ಲಿ ಕೆಲಸ ನಿಂತಾಗ ಅದರಲ್ಲಿ ನೀರು ನಿಂತು ಕೆಂಪಾಗಿ ತುಕ್ಕು ಹಿಡಿಯುತ್ತಿತ್ತು. ಕೊನೆಗೆ ಆ ಬಾರ್ಜನ್ನು ಗ್ಯಾಸ್ ಕಟರಿನಿಂದ ಕತ್ತರಿಸಿ ಗುಜರಿಗೆ ಹಾಕಿದರು. ಅದರ ಒಂದು ತುಂಡನ್ನೂ ಯಾರೂ ಇಟ್ಟುಕೊಳ್ಳಲಿಲ್ಲ, ನಾನೂ ಇಟ್ಟುಕೊಳ್ಳಲಿಲ್ಲ ಎಂಬ ನೋವು ಇನ್ನೂ ಇದೆ.

ಆದ್ದರಿಂದ ಜಿಲ್ಲಾಡಳಿತದಲ್ಲಿ ನನ್ನ ವಿನಂತಿಯೊಂದಿದೆ. ಈ ಕರಾವಳಿಯಲ್ಲಿ ಮುಂದೆ ಗುಜರಿಗೆ ಹೋಗಲಿರುವ ಬಾರ್ಜುಗಳಲ್ಲಿ ಒಂದನ್ನು, ಸಾಧ್ಯವಾದರೆ ಹಳೆಯ ಮಚವೆ ಎಂಬ ಹಾಯಿದೋಣಿಯೊಂದನ್ನೂ, ಚಪಲ್ ನೌಕೆಯ ಪಕ್ಕದಲ್ಲಿ ತಂದಿರಿಸಬೇಕು. ಸರಕು ತುಂಬುವ ಹೊಟ್ಟೆಯೊಳಗೆ ಮಕ್ಕಳು ಏಣಿ ಇಳಿದು ನೋಡುವಂತಿರಲಿ. ದೋಣಿ ನಡೆಸುವ ತಾಂಡೇಲರು, ಖಲಾಸಿಗಳು ಬಳಸುತ್ತಿದ್ದ ಹಗ್ಗ, ಕೊಕ್ಕೆ, ಸಲಿಕೆಗಳನ್ನು ಅಲ್ಲಿಯೇ ಇಡಲಿ. ಅವುಗಳ ಬಳಕೆಯನ್ನು ವಿವರಿಸಲು ಬಲ್ಲ ಹಿರಿಯರು ಬೈತಖೋಲದಲ್ಲಿ ಈಗಲೂ ಇದ್ದಾರೆ.

– ನಿವೃತ್ತ ಬಾರ್ಜ್ ಎಂಜಿನ್ ಚಾಲಕ, ಕಾರವಾರ