ನಾವು ಜಗಳ ಆಡಿದ್ದು ಯಾವುದರ ಬಗ್ಗೆ?

ಗೆಳೆಯಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ನಾನು ನಿನ್ನದು ಶುರುವಾಗಲೇ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಜಗಳ ಎಲ್ಲರೆದುರು ಆಡಿದ್ದರಿಂದ ಇದನ್ನೂ ಎಲ್ಲರೆದುರೇ ಇಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಆ ಸಿನಿಮಾದ ಹೆಸರನ್ನೂ ಹಾಕಿಲ್ಲ. ಹಾಕಿದರೆ ಓದುವವರು ಎರಡನೇ ಸಾಲಿಗೇ ಯಾವ ಕಡೆ ನಿಲ್ಲಬೇಕು ಅಂತ ತೀರ್ಮಾನ ಮಾಡಿಬಿಡುತ್ತಾರೆ. ನಾವೂ ಹಾಗೇ ಮಾಡಿದ್ದು, ಅಲ್ವಾ?

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ಸಿನಿಮಾಗೆ ನಾನು ಐದು ಸ್ಟಾರ್ ಕೊಟ್ಟಿದ್ದು ಬಿಡುಗಡೆಯ ದಿನ ಬೆಳಿಗ್ಗೆ. ಸಿನಿಮಾ ನೋಡಿದ್ದು ನಾಲ್ಕು ದಿನ ಬಿಟ್ಟು. ನೀನು ಒಂದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಹಾಕಿದ್ದೆ. ನೋಡಿ ಮೈ ಉರಿಯಿತು, ಐದು ಒತ್ತಿದೆ. ನೀನೂ ನೋಡಿರಲಿಲ್ಲ ಅಂತ ನನಗೆ ಗೊತ್ತು. ಯಾಕಂದ್ರೆ ಆ ಹೊತ್ತಿಗೆ ಮೊದಲ ಷೋ ಶುರುವೇ ಆಗಿರಲಿಲ್ಲ. ಹದಿನಾಲ್ಕು ವರ್ಷದ ಸ್ನೇಹ ಇಟ್ಟುಕೊಂಡು, ಇಬ್ಬರೂ ನೋಡದ ಸಿನಿಮಾಗಾಗಿ ನಮ್ಮ ಗೆಳೆಯರ ಗ್ರೂಪ್ ಚಾಟಿನಲ್ಲಿ ರಾತ್ರಿ ಒಂದೂವರೆವರೆಗೆ ಕಿತ್ತಾಡಿದೆವು.

ನಾವಿಬ್ಬರೇ ಹುಚ್ಚರಲ್ಲ ಬಿಡು. 2019ರಲ್ಲಿ 'ಕ್ಯಾಪ್ಟನ್ ಮಾರ್ವೆಲ್' ಅನ್ನುವ ಹಾಲಿವುಡ್ ಸಿನಿಮಾ ಇನ್ನೂ ತೆರೆಗೆ ಬರುವ ಮೊದಲೇ, ಅದರ ನಾಯಕಿಯ ಮಾತುಗಳಿಗೆ ಸಿಟ್ಟಾದವರು ಸಿನಿಮಾ ವಿಮರ್ಶೆ, ರೇಟಿಂಗ್ ತೋರಿಸುವ ರಾಟನ್ ಟೊಮೇಟೋಸ್ ಅನ್ನುವ ವೆಬ್‌ಸೈಟಿನಲ್ಲಿ ಬೈಗುಳ ಸುರಿದಿದ್ದರು. ಆ ಹೊತ್ತಿನಲ್ಲೇ ವೆಬ್‌ಸೈಟಿನವರು ಬಿಡುಗಡೆಗೆ ಮುಂಚೆ ಕಾಮೆಂಟ್ ಹಾಕುವ ದಾರಿಯನ್ನು ಮುಚ್ಚಿದರು. ಕೆಲವೇ ತಿಂಗಳಲ್ಲಿ, ಟಿಕೆಟ್ ಕೊಂಡಿದ್ದು ಖಾತ್ರಿ ಇರುವವರ ರೇಟಿಂಗನ್ನೇ ಬೇರೆಯಾಗಿ ತೋರಿಸಲು ಶುರುಮಾಡಿದರು. ನಿನ್ನಂಥ, ನನ್ನಂಥವರಿಗೆಂದೇ ತಂದ ನಿಯಮ ಅದು.

ನಿನ್ನೆ ಆ ಚಾಟನ್ನು ಮೊದಲಿಂದ ಕೊನೆವರೆಗೆ ಮತ್ತೆ ಓದಿದೆ. ಪೆನ್ನು ಹಿಡಿದು ಲೆಕ್ಕವನ್ನೂ ಹಾಕಿದೆ, ನಗಬೇಡ. ಒಟ್ಟು 112 ಮೆಸೇಜು. ಅದರಲ್ಲಿ ನಟನೆ, ಸಂಗೀತ, ಕ್ಯಾಮೆರಾ ಬಗ್ಗೆ ಇದ್ದದ್ದು ಆರು. ಆ ಆರರಲ್ಲಿ ನಾಲ್ಕು ಬೇರೆಯವರದು, ಪಾಪ, ನಮ್ಮಿಬ್ಬರ ಮಾತು ತಪ್ಪಿಸಲು ಹಾಕಿದ್ದು. ಉಳಿದದ್ದೆಲ್ಲ 'ನಿಮ್ಮವರು', 'ನಿಮ್ಮಂಥವರು', 'ನಿಮಗೆ ಹೀಗೇ ಆಗಬೇಕು'. ಇದನ್ನು ಶುರುಮಾಡಿದವನು ಯಾರು ಅಂತ ಹುಡುಕಿದೆ. ನಾನೇ. 10.52ಕ್ಕೆ. ಅಲ್ಲಿಯವರೆಗೆ 'ನೀನು' ಅಂತಿದ್ದವನು ಆ ಮೆಸೇಜಿನಲ್ಲಿ 'ನೀವು' ಅಂತ ಬರೆದಿದ್ದೇನೆ. ಗೌರವ ಜಾಸ್ತಿಯಾಗಿ ಬರೆದಿದ್ದಲ್ಲ. ನಿನ್ನನ್ನು ಒಂದು ಗುಂಪಿಗೆ ತಳ್ಳಿ, ಆ ಗುಂಪಿನ ಜೊತೆ ಮಾತಾಡಲು ಶುರುಮಾಡಿದ್ದೆ. ಎರಡೇ ನಿಮಿಷಕ್ಕೆ ನೀನೂ ನನಗೆ 'ನೀವು' ಅಂದೆ. ಅಲ್ಲಿಂದ ಮುಂದೆ ಆ ಚಾಟಿನಲ್ಲಿ ನೀನೂ ಇಲ್ಲ, ನಾನೂ ಇಲ್ಲ.

ಇದೆಲ್ಲ ಮೊಬೈಲ್ ಬಂದಮೇಲೆ ಆಗಿದ್ದು ಅಂತ ನೀನು ಹೇಳುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 1849ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಆಗಿದ್ದು ಕೇಳು.

ಎಡ್ವಿನ್ ಫಾರೆಸ್ಟ್ ಅಂತ ಒಬ್ಬ ಅಮೆರಿಕದ ನಟ, ವಿಲಿಯಂ ಮ್ಯಾಕ್ರೆಡಿ ಅಂತ ಒಬ್ಬ ಇಂಗ್ಲಿಷ್ ನಟ. ಇಬ್ಬರೂ ಷೇಕ್ಸ್‌ಪಿಯರ್ ಪಾತ್ರಗಳಿಗೆ ಹೆಸರಾದವರು. ಫಾರೆಸ್ಟ್‌ದು ಗಟ್ಟಿ ದನಿ, ಅಬ್ಬರ. ಮ್ಯಾಕ್ರೆಡಿಯದು ತೂಗಿ ಆಡುವ ಮಾತು. ಮ್ಯಾಕ್‌ಬೆತ್ ಪಾತ್ರವನ್ನು ಇಬ್ಬರಲ್ಲಿ ಯಾರು ಚೆನ್ನಾಗಿ ಮಾಡುತ್ತಾರೆ? ಇಷ್ಟೇ ಇದ್ದದ್ದು ಪ್ರಶ್ನೆ. ಮೂರು ವರ್ಷದ ಹಿಂದೆ ಎಡಿನ್‌ಬರೋದಲ್ಲಿ ಮ್ಯಾಕ್ರೆಡಿ ಹ್ಯಾಮ್ಲೆಟ್ ಆಡುತ್ತಿದ್ದಾಗ, ಫಾರೆಸ್ಟ್ ಪ್ರೇಕ್ಷಕರ ನಡುವೆ ಕೂತು ಹಾವಿನ ಹಾಗೆ ಬುಸ್ ಅಂದು ಅವಮಾನ ಮಾಡಿದ್ದ. ಅಲ್ಲಿಯವರೆಗೆ ಅದು ಇಬ್ಬರು ನಟರ ಹೊಟ್ಟೆಕಿಚ್ಚು ಅಷ್ಟೇ. ಆದರೆ ನ್ಯೂಯಾರ್ಕಿನ ದುಡಿಯುವ ಜನಕ್ಕೆ ಫಾರೆಸ್ಟ್ 'ನಮ್ಮವನು'. ಮ್ಯಾಕ್ರೆಡಿ ಆಡುತ್ತಿದ್ದ ಆಸ್ಟರ್ ಪ್ಲೇಸ್ ರಂಗಮಂದಿರ ಉಳ್ಳವರದು. ಒಳಗೆ ಹೋಗಲು ಉಡುಪಿಗೂ ಕಟ್ಟುಪಾಡು ಇತ್ತು. ಮೇ 7ರಂದು ಮ್ಯಾಕ್ರೆಡಿಯ ಮೇಲೆ ಕೊಳೆತ ಮೊಟ್ಟೆ, ಆಲೂಗಡ್ಡೆ ಬಿದ್ದವು. ಕುರ್ಚಿಗಳೂ ಹಾರಿ ಬಂದವು. ಸಾಕಪ್ಪಾ ಅಂತ ಅವನು ಹೊರಟೇಬಿಟ್ಟಿದ್ದ. ಪೇಟೆಯ ದೊಡ್ಡವರು, ಸಾಹಿತಿಗಳು ಸಹಿ ಮಾಡಿ ಪತ್ರ ಕೊಟ್ಟು ಅವನನ್ನು ನಿಲ್ಲಿಸಿದರು. ಅಷ್ಟರಲ್ಲಿ ಗೋಡೆಗಳ ಮೇಲೆ ಪೋಸ್ಟರ್ ಬಿತ್ತು: ಈ ಊರನ್ನು ಆಳುವವರು ಅಮೆರಿಕನ್ನರೋ, ಇಂಗ್ಲಿಷರೋ?

10ನೇ ತಾರೀಖು ರಾತ್ರಿ ರಂಗಮಂದಿರದ ಹೊರಗೆ ಸಾವಿರಾರು ಜನ ಸೇರಿ ಕಲ್ಲು ತೂರಿದರು. ಸೈನಿಕರು ಗುಂಡು ಹಾರಿಸಿದರು. ಕಡಿಮೆಯೆಂದರೂ 22 ಜನ ಸತ್ತರು. ಗಲಾಟೆ ನೋಡೋಣ ಅಂತ ಸುಮ್ನೆ ನಿಂತಿದ್ದವರೂ ಅದರಲ್ಲಿ ಇದ್ದರು.

ಆ ಪೋಸ್ಟರನ್ನು ಇನ್ನೊಮ್ಮೆ ಓದು. ಅದರಲ್ಲಿ ಮ್ಯಾಕ್‌ಬೆತ್ ಇಲ್ಲ, ನಟನೆ ಇಲ್ಲ. ಉಳ್ಳವರ ಮೇಲಿನ ಸಿಟ್ಟು ಅಷ್ಟು ದಿನದಿಂದ ಎಲ್ಲೋ ಕೂತಿತ್ತು. ಅದಕ್ಕೆ ಹೊರಗೆ ಬರಲು ಒಂದು ಬಾಗಿಲು ಬೇಕಿತ್ತು, ನಾಟಕ ಸಿಕ್ಕಿತು.

ನಮಗೆ ಸಿನಿಮಾ ಸಿಕ್ಕಿತು. 'ಗ್ರೂಪಿನಲ್ಲಿ ರಾಜಕೀಯ ಬೇಡ' ಅಂತ ನಿಯಮ ಮಾಡಿದವರು ನಾವೇ, ನೆನಪಿದೆಯಾ? ಚುನಾವಣೆ ಬಗ್ಗೆ ಒಂದಕ್ಷರ ಬರೆದರೂ ಅಡ್ಮಿನ್ ಅಳಿಸುತ್ತಾನೆ. ಸಿನಿಮಾ ಬಗ್ಗೆ ಬರೆದರೆ ಯಾರೂ ಅಳಿಸುವುದಿಲ್ಲ. ಅದೂ ಅಲ್ಲದೆ ಸಿನಿಮಾ ಬಗ್ಗೆ ಜಗಳ ಆಡುವುದು ಸುಲಭ. ತೆರಿಗೆ ಬಗ್ಗೆಯೋ ಕಾನೂನಿನ ಬಗ್ಗೆಯೋ ವಾದ ಮಾಡಬೇಕಾದರೆ ನಾಲ್ಕು ಪುಟ ಓದಬೇಕು. ಸಿನಿಮಾಗೆ ಎರಡೂವರೆ ಗಂಟೆ ಸಾಕು. ನಮ್ಮ ಲೆಕ್ಕದಲ್ಲಿ ಅದೂ ಬೇಡ. ಸಿಕ್ಕಿಬಿದ್ದರೆ 'ಅಯ್ಯೋ, ನಾನು ಸಿನಿಮಾ ಬಗ್ಗೆ ಹೇಳಿದ್ದು ಕಣೋ' ಅಂತ ಜಾರಿಕೊಳ್ಳಬಹುದು.

ಹಾಗಂತ 'ಸಿನಿಮಾನ ಸಿನಿಮಾ ಥರ ನೋಡ್ರಪ್ಪಾ' ಅನ್ನುವವರ ಜೊತೆ ನಾನು ಸೇರಲ್ಲ. ಅದು ಸೋಮಾರಿಗಳ ಮಾತು. ಯಾರನ್ನು ಒಳ್ಳೆಯವರಾಗಿ ತೋರಿಸಬೇಕು, ಯಾರನ್ನು ನೋಡಿ ಜನ ನಗಬೇಕು ಅಂತ ಯಾರೋ ಒಬ್ಬರು ಕೂತು ತೀರ್ಮಾನ ಮಾಡಿರುತ್ತಾರೆ. ಅದನ್ನು ಕೇಳಲೇಬೇಕು. ಆದರೆ ಅವರು ತೀರ್ಮಾನ ಮಾಡಿದ ಹಾಗೇ ನಾವು ನೋಡುತ್ತೇವಾ? 1971ರಲ್ಲಿ ಅಮೆರಿಕದ ಟಿವಿಯಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಅಂತ ಒಂದು ಧಾರಾವಾಹಿ ಶುರುವಾಯಿತು. ಅದರಲ್ಲಿ ಆರ್ಚಿ ಬಂಕರ್ ಅಂತ ಒಬ್ಬ ಮನೆಯಜಮಾನ. ಕಂಡಕಂಡ ಜನಾಂಗದವರನ್ನೆಲ್ಲ ಹೀಯಾಳಿಸುವವನು. ಅವನನ್ನು ನೋಡಿ ಜನ ನಗಲಿ, ತಮ್ಮೊಳಗಿನ ಆರ್ಚಿಗೆ ನಾಚಿಕೆಯಾಗಲಿ ಅನ್ನುವುದು ಮಾಡಿದವರ ಉದ್ದೇಶ. 1974ರಲ್ಲಿ ವಿಡ್‌ಮಾರ್ ಮತ್ತು ರೋಕೀಚ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ನೋಡುಗರನ್ನೇ ಕೇಳಿ ನೋಡಿದರು. ಆರ್ಚಿಯ ಹಾಗೇ ಯೋಚಿಸುವವರಿಗೆ ಅವನು ಮೆಚ್ಚುಗೆಯ ಮನುಷ್ಯನಾಗಿ ಕಂಡಿದ್ದ. ಕೊನೆಗೆ ಗೆಲ್ಲುವವನೂ ಅವನೇ ಅಂತ ಅವರಿಗೆ ಅನ್ನಿಸಿತ್ತು. ಒಂದೇ ಧಾರಾವಾಹಿಗೆ ಎರಡೂ ಕಡೆಯವರು ನಗುತ್ತಿದ್ದರು. ಒಬ್ಬರು ಅವನನ್ನು ನೋಡಿ, ಇನ್ನೊಬ್ಬರು ಅವನ ಜೊತೆ ಸೇರಿ.

ನಾನು ನಾಲ್ಕನೇ ದಿನ ಥಿಯೇಟರಿಗೆ ಹೋದಾಗ ಹೀಗೇ ಆಯಿತು. ಸಿನಿಮಾ ನೋಡಿದೆ ಅನ್ನುವುದಕ್ಕಿಂತ ನಿನ್ನ ವಿರುದ್ಧ ಸಾಕ್ಷಿ ಹುಡುಕಿದೆ ಅನ್ನಬೇಕು. ಒಂದು ದೃಶ್ಯಕ್ಕೆ ನಗು ಬಂತು. ಇದಕ್ಕೆ ನಗುವುದು ಆ ಕಡೆಯವರಲ್ವಾ ಅಂತ ತಡೆದುಕೊಂಡೆ. ಕತ್ತಲಲ್ಲಿ, ಒಬ್ಬನೇ ಕೂತು!

ಈಗ ಮುಖ್ಯ ವಿಷಯ. ಆ 112ರಲ್ಲಿ ಒಂದು ಮೆಸೇಜು 11.40ಕ್ಕೆ ನೀನು ಹಾಕಿದ್ದು. 'ಇವರ ಸಿನಿಮಾದಲ್ಲಿ ನಮ್ಮಪ್ಪನಂಥವರು ಯಾವಾಗಲೂ ಇಲ್ಲಾ ದಡ್ಡರು ಇಲ್ಲಾ ದುಷ್ಟರು.' ನೀನು ಟ್ರೇಲರ್ ನೋಡಿ ಬರೆದದ್ದು ಇರಬಹುದು. ಆದರೆ ಇಡೀ ರಾತ್ರಿಯಲ್ಲಿ ಯಾರಾದರೂ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದರೆ ಅದು ಆ ಒಂದೇ ಸಾಲು. ಅದಕ್ಕೆ ನಾನು ಹಾಕಿದ್ದು ಮೂರು ನಗುವ ಮುಖ. ಏಳು ಜನ ಅದನ್ನು ಲೈಕ್ ಮಾಡಿದರು, ನನಗೆ ಖುಷಿಯೂ ಆಯಿತು. ನಿನ್ನ ಅಪ್ಪನ ಪಕ್ಕ ಕೂತು ಎಷ್ಟು ಸಲ ಮಾತಾಡಿದ್ದೇನೆ ನಾನು. ಆ ಹೊತ್ತಿನಲ್ಲಿ ಅವರ ಮುಖ ನೆನಪಾಗಲೇ ಇಲ್ಲ. 'ನಿಮ್ಮವರು' ಅನ್ನುವುದರೊಳಗೆ ಅವರನ್ನೂ ಹಾಕಿಬಿಟ್ಟಿದ್ದೆ.

ನಿನ್ನ ರಾಜಕೀಯ ನನಗೆ ಈಗಲೂ ಒಪ್ಪಿಗೆ ಇಲ್ಲ. ಅದರ ಬಗ್ಗೆ ನೇರವಾಗಿ ಜಗಳ ಆಡೋಣ, ಎದುರುಬದುರು ಕೂತು, ಬೇಕಾದರೆ ದಿನಪೂರ್ತಿ. ಆದರೆ ಆ 11.40ರ ಮಾತು ಬೇರೆ. ಯಾವ ಸಿನಿಮಾಗಳು, ಯಾವ ದೃಶ್ಯಗಳು, ಅಪ್ಪ ಏನಂದರು, ಇದೆಲ್ಲ ನನಗೆ ಹೇಳು. ಉದ್ದವಾಗಿ ಬರೆ. 'ನೀನು' ಅಂತಲೇ ಬರೆ.

ಅಂದಹಾಗೆ, ಐದು ಸ್ಟಾರ್ ಅಳಿಸಿದ್ದೇನೆ. ನಿಜ ಹೇಳಬೇಕೆಂದರೆ ಅದು ಮೂರರ ಸಿನಿಮಾ. ಎರಡನೇ ಅರ್ಧ ತುಂಬಾ ಎಳೆದಿದ್ದಾರೆ. ಮೂರು ಒತ್ತಲು ಹೋದೆ. ನೋಡಿದರೆ ಗೆದ್ದೆ ಅಂತ ಬೀಗುತ್ತೀಯಲ್ಲ ಅನ್ನಿಸಿ ಖಾಲಿ ಬಿಟ್ಟಿದ್ದೇನೆ.

ನಿನ್ನ
ಹಳೇ ಗೆಳೆಯ