ಪುಟ್ಟಿಗೆ, ಇಸಬೆಲ್ಲಾ ರಾಣಿಯ ವಿಷಯವಾಗಿ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ಎರಡೆರಡು ಸಲ ಓದಿದೆ. ಸ್ಪೇನಿನ ರಾಣಿ ಇಸಬೆಲ್ಲಾಳ ಸೀರಿಯಲ್ ನೋಡ್ತಿದ್ದೀನಿ ಅತ್ತೆ, ನಂದೇ ಕಥೆ ಅನ್ನಿಸ್ತಿದೆ ಅಂತ ಬರೆದಿದ್ದೀಯ. ಅದರ ಕೆಳಗೇ ತೋಟದಂಚಿನ ನಾಲ್ಕು ಮನೆಗಳನ್ನು ಖಾಲಿ ಮಾಡಿಸುವ ಮಾತು. ಅದರಲ್ಲೊಂದು ಮನೆಯ ಹುಡುಗ ಅಡಿಕೆ ಕದ್ದ, ಇನ್ನು ಅವರಿಗೆ ಜಾಗ ಕೊಡ್ತೀನಿ ಅಂತ ಅಪ್ಪ ಕೊಟ್ಟ ಮಾತಿಗೆ ನಾನು ಕಟ್ಟುಬೀಳಬೇಕಿಲ್ಲ ಅಂತ. ಎರಡನ್ನೂ ಒಟ್ಟಿಗೆ ಓದಿದ್ದಕ್ಕೋ ಏನೋ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಆ ರಾಣಿ ನನಗೂ ತುಂಬಾ ಬೇಕಾದವಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನದೇ ಕಥೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಅವಳು ಹುಟ್ಟಿದ್ದು 1451ರಲ್ಲಿ, ಕ್ಯಾಸ್ಟೀಲ್ ರಾಜ್ಯದ ಮಾದ್ರಿಗಾಲ್ ಎಂಬ ಊರಲ್ಲಿ. ಮೂರು ವರ್ಷಕ್ಕೇ ಅಪ್ಪ ತೀರಿಕೊಂಡ. ದೊಡ್ಡ ಹೆಂಡತಿಯ ಮಗ ನಾಲ್ಕನೇ ಎನ್ರಿಕೆ ಪಟ್ಟಕ್ಕೆ ಬಂದ. ಇವಳು, ಇವಳ ತಾಯಿ, ಪುಟ್ಟ ತಮ್ಮ ಅಲ್ಫೋನ್ಸೋ ಅರೆವಾಲೊ ಎಂಬ ಊರಿಗೆ ಹೋದರು. ತಾಯಿಯ ಮನಸ್ಸು ನಿಧಾನವಾಗಿ ಕದಡುತ್ತಾ ಹೋಯಿತು. ಆ ಮನೆಯಲ್ಲಿ ಬೆಳೆದ ಹುಡುಗಿ ಅವಳು.

ಎನ್ರಿಕೆಯ ಮೇಲೆ ಸಿಟ್ಟಾದ ಸರದಾರರು 1465ರಲ್ಲಿ ತಮ್ಮನನ್ನೇ ರಾಜ ಅಂತ ಸಾರಿದರು. ಅವನಿಗೆ 11 ವರ್ಷ! ಮೂರು ವರ್ಷಕ್ಕೆ ಅವನೂ ಸತ್ತ. ಅದೇ ಸರದಾರರು ಇವಳ ಹತ್ತಿರ ಬಂದರು, ನೀನೇ ರಾಣಿಯಾಗು ಅಂತ. ಅವಳಿಗಾಗ 17. ಅಣ್ಣ ಬದುಕಿರುವವರೆಗೂ ಕಿರೀಟ ನನ್ನದಲ್ಲ ಅಂದುಬಿಟ್ಟಳು. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು. ಕೈಗೆ ಬಂದದ್ದನ್ನು ಬೇಡ ಅನ್ನೋದು ಆ ವಯಸ್ಸಿಗೆ ಸುಮ್ನೆ ಬರುವ ಮಾತಲ್ಲ.

ಆಮೇಲೆ ಮದುವೆಯ ಕಾಟ. ತನಗಿಂತ ತುಂಬಾ ದೊಡ್ಡವನಾದ ಪೆದ್ರೊ ಹಿರೋನ್ ಎಂಬ ಸರದಾರನಿಗೆ ಕೊಡಲು ಅಣ್ಣ ಮೊದಲೇ ಒಪ್ಪಿದ್ದ. ಅವನು ಮದುವೆಗೆಂದು ಬರುವ ದಾರಿಯಲ್ಲೇ ಸತ್ತ. ಮುಂದೆ ಪೋರ್ಚುಗಲ್ಲಿನ ರಾಜ, ಫ್ರಾನ್ಸಿನ ರಾಜನ ತಮ್ಮ, ಹೀಗೆ ಒಬ್ಬೊಬ್ಬರದೇ ಹೆಸರು ಬಂತು. 1468ರಲ್ಲಿ ಅಣ್ಣ ತಂಗಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಇವಳೇ ಮುಂದಿನ ವಾರಸುದಾರಳು. ಬಲವಂತದ ಮದುವೆ ಮಾಡಿಸಬಾರದು, ಇದು ಅವನ ಮಾತು. ಅವನ ಒಪ್ಪಿಗೆ ಇಲ್ಲದೆ ಮದುವೆಯಾಗಬಾರದು, ಇದು ಇವಳ ಮಾತು. ಅವನು ಒತ್ತಾಯ ಬಿಡಲಿಲ್ಲ. ಇವಳು ಅರಗಾನ್ ರಾಜ್ಯದ ಫರ್ಡಿನೆಂಡನನ್ನು ತಾನೇ ಆರಿಸಿಕೊಂಡಳು. ಅವನು ಹೇಸರಗತ್ತೆ ಹೊಡೆಯುವ ಆಳಿನ ವೇಷದಲ್ಲಿ ಗಡಿ ದಾಟಿ ಬಂದ. 1469ರ ಅಕ್ಟೋಬರ್ 19ಕ್ಕೆ ವಾಯದೊಲಿದ್‌ನಲ್ಲಿ ಮದುವೆ. ಇಬ್ಬರೂ ಹತ್ತಿರದ ಸಂಬಂಧಿಗಳು, ಪೋಪರ ಅನುಮತಿ ಬೇಕಿತ್ತು. ಮದುವೆಯಲ್ಲಿ ತೋರಿಸಿದ ಅನುಮತಿ ಪತ್ರ ನಕಲಿ.

ಅವಳಿಗೆ ಬೇರೆ ದಾರಿ ಇರಲಿಲ್ಲ ಅಂತ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಅವನು ಮೊದಲು ಮಾತು ಮುರಿದ, ಅದಕ್ಕೇ ನಾನೂ ಮುರಿದೆ ಅನ್ನೋ ಲೆಕ್ಕ ಅಲ್ಲಿ ಬಂತು ನೋಡು. ಅದನ್ನು ಸ್ವಲ್ಪ ನೆನಪಿಟ್ಟುಕೋ.

ನಿನ್ನಪ್ಪನ ವೈಕುಂಠ ಸಮಾರಾಧನೆಯ ದಿನವೇ ಮನೆಯವರೆಲ್ಲ ಸೇರಿ ತೋಟ ಮಾರಿ, ಇವಳಿಗೊಂದು ಗಂಡು ನೋಡಿ ಅಂದಾಗ ನೀನು ಎದ್ದು ನಿಂತೆಯಲ್ಲ, ಆಗ ನನಗೆ ನೆನಪಾದವಳು ಇವಳೇ. 1474ರ ಡಿಸೆಂಬರಿನಲ್ಲಿ ಎನ್ರಿಕೆ ಸತ್ತ ಸುದ್ದಿ ಬಂದಾಗ ಅವಳು ಸೆಗೋವಿಯಾದಲ್ಲಿದ್ದಳು. ಗಂಡ ದೂರದ ಅರಗಾನಿನಲ್ಲಿ. ಅವನಿಗಾಗಿ ಕಾಯದೆ 13ನೇ ತಾರೀಕು ತಾನೇ ರಾಣಿ ಅಂತ ಸಾರಿಸಿಕೊಂಡಳು. ಮೆರವಣಿಗೆಯಲ್ಲಿ ಅವಳ ಮುಂದೆ ಬಿಚ್ಚುಗತ್ತಿ ಹಿಡಿದು ನಡೆದರು. ಹೆಂಗಸಿನ ಮುಂದೆ ಕತ್ತಿಯಾ ಅಂತ ಊರಿಗೆ ಊರೇ ಮಾತಾಡಿತು.

ಎನ್ರಿಕೆಗೆ ಹುವಾನಾ ಅಂತ ಮಗಳಿದ್ದಳು. ಆ ಹುಡುಗಿಯ ಪರವಾಗಿ ಪೋರ್ಚುಗಲ್ ಯುದ್ಧಕ್ಕೆ ಬಂತು, 1479ರವರೆಗೂ ನಡೆಯಿತು. ಸೋತ ಹುವಾನಾ ಕಾನ್ವೆಂಟಿಗೆ ಸೇರಿದಳು. ಅವಳ ಕಥೆಯನ್ನೂ ಒಂದು ದಿನ ಹೇಳುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1476ರ ಸಂಗತಿ. ಸೆಗೋವಿಯಾದಲ್ಲಿ ಜನ ದಂಗೆ ಎದ್ದರು. ಕೋಟೆಯೊಳಗೆ ಅವಳ ಪುಟ್ಟ ಮಗಳಿದ್ದಳು. ಸುದ್ದಿ ಕೇಳಿದ್ದೇ ಕೆಲವೇ ಜನರ ಜೊತೆ ಕುದುರೆ ಏರಿ ಹೊರಟಳು. ಕೋಟೆಯ ಹೊರಗೆ ಜನ ಕೂಗಾಡುತ್ತಿದ್ದರು. ಬಾಗಿಲು ಹಾಕಿಸಿ ಅಂತ ಜೊತೆಯವರು ಬೇಡಿಕೊಂಡರು. ಅವಳು ಬಾಗಿಲು ತೆಗೆಸಿ ಎಲ್ಲರನ್ನೂ ಒಳಗೆ ಕರೆದಳು. ನಿಮ್ಮ ದೂರೇನು ಅಂತ ಕೇಳಿದಳು. ಅವರು ಕೋಟೆಯ ಅಧಿಕಾರಿ ಕಾಬ್ರೆರಾನ ಮೇಲೆ ದೂರಿದರು. ಅವನು ಅವಳ ಪ್ರಾಣಸ್ನೇಹಿತೆಯ ಗಂಡ. ಆದರೂ ಅವನನ್ನು ಪಕ್ಕಕ್ಕಿಟ್ಟು ವಿಚಾರಣೆ ಮಾಡಿಸಿದಳು. ದೂರಿನಲ್ಲಿ ಹುರುಳಿಲ್ಲ ಅಂತ ಗೊತ್ತಾದ ಮೇಲಷ್ಟೇ ಮತ್ತೆ ಕೆಲಸ ಕೊಟ್ಟಳು. ಇವಳ ಹಾಗೆ ಆಗು ಅಂತ ಎರಡೂ ಕೈ ಎತ್ತಿ ಹೇಳುತ್ತೇನೆ ಪುಟ್ಟಿ. ಈ 1476ರ ಇಸಬೆಲ್ಲಾಳ ಹಾಗೆ.

ಸೀರಿಯಲ್‌ನಲ್ಲಿ ನೀನು ಎಲ್ಲಿಯವರೆಗೆ ನೋಡಿದ್ದೀಯೋ ಗೊತ್ತಿಲ್ಲ. ಗ್ರನಾಡಾದ ಹತ್ತು ವರ್ಷದ ಯುದ್ಧ 1492ರ ಜನವರಿ 2ಕ್ಕೆ ಮುಗಿಯಿತು. ಅಲ್ಲಿನ ಮುಸ್ಲಿಂ ದೊರೆ ಬೊವಾಬ್ದಿಲ್ ಇಸಬೆಲ್ಲಾ, ಫರ್ಡಿನೆಂಡರಿಗೆ ಊರು ಒಪ್ಪಿಸಿದ. ಸುಮ್ಮನೆ ಒಪ್ಪಿಸಲಿಲ್ಲ. ನಮ್ಮ ಧರ್ಮ, ಮಸೀದಿ, ಆಸ್ತಿ, ನ್ಯಾಯ ಹೇಳುವ ನಮ್ಮ ಕಾಜಿಗಳು, ಎಲ್ಲವೂ ನಮಗೇ ಇರಬೇಕು ಅಂತ ಬರೆಸಿಕೊಂಡು ಒಪ್ಪಿಸಿದ. ರಾಜ ರಾಣಿ ಇಬ್ಬರೂ ಅದಕ್ಕೆ ಮಾತು ಕೊಟ್ಟರು.

ಅವಳ ಪಾಪಭೀರು ಗುರು ತಲವೆರಾ ಅಲ್ಲಿಗೆ ಮೊದಲ ಆರ್ಚ್‌ಬಿಷಪ್ ಆಗಿ ಹೋದ. ಯಾರನ್ನೂ ಬಲವಂತ ಮಾಡಲಿಲ್ಲ. ತನ್ನ ಪಾದ್ರಿಗಳು ಅರಬಿ ಕಲಿಯಲಿ ಅಂದ, ವಯಸ್ಸಾದ ಕಾಲದಲ್ಲಿ ತಾನೂ ಒಂದಿಷ್ಟು ಕಲಿತ. ಇದು ನಿಧಾನದ ಕೆಲಸ. 1499ರಲ್ಲಿ ಸಿಸ್ನೆರೋಸ್ ಎಂಬ ಮತ್ತೊಬ್ಬ ಆರ್ಚ್‌ಬಿಷಪ್ ಬಂದ. ಗುಂಪು ಗುಂಪಾಗಿ ಮತಾಂತರ ಮಾಡಿಸಿದ, ಅರಬಿ ಪುಸ್ತಕಗಳನ್ನು ಸುಡಿಸಿದ. ಅಲ್ಬೈಸಿನ್ ಕೇರಿಯ ಜನ ದಂಗೆ ಎದ್ದರು. ರಾಜ ರಾಣಿಗೆ ಮೊದಲು ಸಿಸ್ನೆರೋಸನ ಮೇಲೇ ಸಿಟ್ಟು ಬಂತು. ಆದರೆ ಅವನ ವಾದ ಕೇಳಿದರು. ಏನು ವಾದ ಗೊತ್ತಾ? ದಂಗೆ ಎದ್ದು ಅವರೇ ಒಪ್ಪಂದ ಮುರಿದಿದ್ದಾರೆ, ಇನ್ನು ನಾವು ಕೊಟ್ಟ ಮಾತಿಗೆ ಬೆಲೆಯಿಲ್ಲ ಅಂತ. 1502ರಲ್ಲಿ ಕ್ಯಾಸ್ಟೀಲಿನ ಎಲ್ಲ ಮುಸ್ಲಿಮರಿಗೂ ಒಂದೇ ಅಪ್ಪಣೆ, ಮತ ಬಿಡಿ ಇಲ್ಲವೇ ನಾಡು ಬಿಡಿ. ದಂಗೆ ಎದ್ದವರಿಗೂ ಅದೇ, ಮನೆಯಲ್ಲಿ ತಣ್ಣಗೆ ಕೂತಿದ್ದವರಿಗೂ ಅದೇ.

ಆ ನಾಲ್ಕು ಮನೆಗಳಲ್ಲಿ ಕದ್ದವನು ಎಷ್ಟು ಜನ ಪುಟ್ಟಿ?

ಯಹೂದಿಗಳದ್ದು ಇನ್ನೂ ಮೊದಲಿನ ಮಾತು. 1492ರ ಮಾರ್ಚ್ 31ರ ಆಜ್ಞೆ. ನಾಲ್ಕು ತಿಂಗಳಲ್ಲಿ ಕ್ರೈಸ್ತರಾಗಿ ಇಲ್ಲವೇ ಹೊರಡಿ, ಚಿನ್ನ ಬೆಳ್ಳಿ ಒಯ್ಯುವ ಹಾಗಿಲ್ಲ. ಒಂದು ಕತ್ತೆಗೆ ಒಂದು ಮನೆ ಕೊಟ್ಟು ಹೋದವರಿದ್ದರಂತೆ. ಅವಳ ಕಷ್ಟಕಾಲದಿಂದಲೂ ಜೊತೆಗಿದ್ದ ಅಬ್ರಹಾಂ ಸೆನಿಯೋರ್ ಎಂಬ ಮುದುಕ ಕೊನೆಗೆ ದೀಕ್ಷಾಸ್ನಾನ ತೆಗೆದುಕೊಂಡ. ರಾಜ ರಾಣಿ ಇಬ್ಬರೂ ಪಕ್ಕದಲ್ಲಿ ನಿಂತು ಅವನ ಧರ್ಮಪಿತೃಗಳಾದರು. ಅದನ್ನು ಅವಳು ದಯೆ ಅಂದುಕೊಂಡಿದ್ದಳು. ನನಗೆ ಭಯವಾಗುವುದು ಅದಕ್ಕೇ.

ಬೇಡ ಅನ್ನುವವರು ಹತ್ತಿರ ಇರಲಿಲ್ಲ ಅಂತಲ್ಲ. 1480ರಲ್ಲಿ ಸೆವಿಲ್ಲಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಕ್ರೈಸ್ತ ಮತಕ್ಕೆ ತಪ್ಪಿ ನಡೆದವರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಮಂಡಳಿ, ಶುರುವಾಗಿ, ಕ್ರೈಸ್ತರಾದ ಯಹೂದಿಗಳನ್ನು ಸುಡತೊಡಗಿದಾಗ, ಅವಳದೇ ಚರಿತ್ರೆ ಬರೆಯುತ್ತಿದ್ದ ಪುಲ್ಗಾರ್ ಇದು ಸರಿಯಲ್ಲ ಅಂತ ಪತ್ರ ಬರೆದ. ಮನೆ ಬಿಟ್ಟು ಹೊರಗೇ ಬಾರದ ಹೆಣ್ಣುಮಕ್ಕಳಿದ್ದಾರೆ, ಹಿರಿಯರು ಮಾಡಿದ್ದನ್ನು ನೋಡಿ ಕಲಿತವರು, ಅವರನ್ನೆಲ್ಲ ಸುಡುವುದಾ ಅಂತ ಕೇಳಿದ. ಅವನ ಮಾತು ನಡೆಯಲಿಲ್ಲ. ಅವಳು ಸತ್ತ ಮೇಲೆ ಅದೇ ಇನ್‌ಕ್ವಿಸಿಷನ್ ಮುದುಕ ತಲವೆರಾನ ಬೆನ್ನು ಹತ್ತಿತು, ಅವನ ಮನೆಯವರನ್ನೂ ಹಿಡಿದು ಹಾಕಿತು.

ಕೊಲಂಬಸ್‌ನ ವಿಷಯ ನಿನಗೆ ಗೊತ್ತೇ ಇದೆ. ಕೊನೆಯ ವರ್ಷಗಳಲ್ಲಿ ಅವಳ ದುಃಖ ಒಂದೆರಡಲ್ಲ. 1497ರಲ್ಲಿ ಒಬ್ಬನೇ ಮಗ ಹೋದ, 19 ವರ್ಷ ವಯಸ್ಸು. ಮಾರನೇ ವರ್ಷ ದೊಡ್ಡ ಮಗಳು ಹೆರಿಗೆಯಲ್ಲಿ ಹೋದಳು. ಆ ಮೊಮ್ಮಗುವೂ ಎರಡು ವರ್ಷ ತುಂಬುವ ಮೊದಲೇ ಹೋಯಿತು. 1504ರ ನವೆಂಬರ್ 26ಕ್ಕೆ ಅವಳೂ ಮೆದಿನಾ ದೆಲ್ ಕಾಂಪೊದಲ್ಲಿ ತೀರಿಕೊಂಡಳು. ಮೂರು ದಿನ ಮುಂಚೆ ಉಯಿಲಿಗೆ ಒಂದು ಸೇರಿಕೆ ಬರೆಸಿದ್ದಳು. ಸಮುದ್ರದಾಚೆಯ ಹೊಸ ನಾಡಿನ ಜನರಿಗೆ ಅನ್ಯಾಯ ಆಗಬಾರದು, ಅವರ ಮೈಗೂ ಆಸ್ತಿಗೂ ಹಾನಿ ಆಗಬಾರದು, ಆಗಿದ್ದರೆ ಸರಿಮಾಡಿ ಅಂತ. ಆ ಮುಖ್ಯ ಉಯಿಲಿನಲ್ಲೇ ಇನ್‌ಕ್ವಿಸಿಷನ್‌ಗೆ ಬೆಂಬಲ ಕೊಡಿ ಅಂತಲೂ ಇದೆ. ಒಬ್ಬಳೇ ಹೆಂಗಸು ಎರಡನ್ನೂ ಬರೆಸಿದಳು. ಅವಳನ್ನು ಒಳ್ಳೆಯವಳು, ಕೆಟ್ಟವಳು ಅಂತ ಒಂದು ಬದಿಗೆ ಹಾಕಲು ನನ್ನಿಂದ ಇವತ್ತಿಗೂ ಆಗಿಲ್ಲ.

ನಿನ್ನಪ್ಪ ಆ ನಾಲ್ಕು ಮನೆಯವರಿಗೆ ಜಾಗ ಕೊಡುತ್ತೇನೆ ಅಂದಾಗ ನಾನು ಅಲ್ಲೇ ಜಗಲಿ ಮೇಲೆ ಕೂತಿದ್ದೆ. ರಿಜಿಸ್ಟರ್ ಆಗಿಲ್ಲ ಅನ್ನೋದು ನಿಜ. ಅವನ ಹಳೇ ಡೈರಿಯಲ್ಲಿ ನಾಲ್ಕೂ ಹೆಸರು, ಗುಂಟೆ ಲೆಕ್ಕ ಎಲ್ಲ ಇದೆ. ದೇವರ ಮನೆಯ ಕಪಾಟಿನಲ್ಲಿ, ಪಂಚಾಂಗಗಳ ಕೆಳಗೆ ಹುಡುಕು. ಕದ್ದ ಹುಡುಗನಿಗೆ ಏನು ಮಾಡಬೇಕೋ ಅದನ್ನು ಅವನ ಅಪ್ಪ ಅಮ್ಮನ ಎದುರೇ ಕೂತು ತೀರ್ಮಾನ ಮಾಡೋಣ. ಮಿಕ್ಕ ಮೂರು ಮನೆಯವರನ್ನು ಜಗಲಿಗೆ ಕರೆದು ಕೂರಿಸು. ಅವರು ಹೇಳುವುದನ್ನು ಪೂರ್ತಿ ಕೇಳು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಅಲ್ಲಿಯವರೆಗೆ ಯಾರಿಗೂ ನೋಟಿಸು ಕೊಡಬೇಡ.

ನಿನ್ನ ಅತ್ತೆ