ಜೆಮಿನಿಡ್ ಉಲ್ಕೆ ಫೋಟೋ ತೆಗೆಯೋರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏 ಡಿಸೆಂಬರ್ 13ರ ರಾತ್ರಿ ಜೆಮಿನಿಡ್ ಉಲ್ಕಾಪಾತ ಇದೆ, ತೋಟಕ್ಕೆ ಬರೋರು 9 ಗಂಟೆಯೊಳಗೆ ಸೇರ್ಕೊಳ್ಳಿ. ಈ ಉಲ್ಕೆಗಳು ಮಿಥುನ ರಾಶಿ ಕಡೆಯಿಂದ ಬರೋ ಹಾಗೆ ಕಾಣುತ್ತೆ, ಆ ರಾಶಿ ರಾತ್ರಿ 2 ಗಂಟೆ ಹೊತ್ತಿಗೆ ನೆತ್ತಿ ಹತ್ರ ಬರುತ್ತೆ, ಜಾಸ್ತಿ ಉಲ್ಕೆ ಕಾಣೋದು ಆಗ್ಲೇ, ಹಾಗಾಗಿ ಬೇಗ ವಾಪಸ್ ಹೋಗೋ ಪ್ಲಾನ್ ಬೇಡ. ಬೇರೆ ಉಲ್ಕಾಪಾತಗಳು ಹೆಚ್ಚಾಗಿ ಧೂಮಕೇತುವಿನ ಧೂಳಿಂದ ಆಗೋದು, ಇದು ಫೇಥಾನ್ ಅನ್ನೋ ಕ್ಷುದ್ರಗ್ರಹದ್ದು, ನಿಜಕ್ಕೂ ಅಪರೂಪ!

ಟ್ರೈಪಾಡ್ ಮರೀಬೇಡಿ, ವೈಡ್ ಲೆನ್ಸ್, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸೋ ಮಟ್ಟ) 1600ರಿಂದ 3200, ಶಟರ್ 15-20 ಸೆಕೆಂಡ್, ಫೋಕಸ್ ಮ್ಯಾನುಯಲ್ ಇಟ್ಟು ಒಂದೇ ಸಮ ತೆಗೀತಾ ಇರಿ. ಮೊಬೈಲ್ ಟಾರ್ಚ್ ದಯವಿಟ್ಟು ಹಾಕ್ಬೇಡಿ, ಕಣ್ಣು ಕತ್ತಲೆಗೆ ಹೊಂದ್ಕೊಳ್ಳೋಕೆ 20 ನಿಮಿಷನಾದ್ರೂ ಬೇಕು.

ಗುಂಪಿಗೆ ನೀವೇ ತೆಗೆದ ಫೋಟೋ ಮಾತ್ರ ಹಾಕಿ, ಫಾರ್ವರ್ಡ್ ಬೇಡ. ಬರೋರು 10ನೇ ತಾರೀಕಿನೊಳಗೆ ಹೆಸರು ಹಾಕಿ, ಕಾರಲ್ಲಿ ಸೀಟ್ ಖಾಲಿ ಇದ್ರೆ ಅದನ್ನೂ ಹೇಳಿ.